ಹತ್ತನೇ ಸಾಲು, ಹದಿಮೂರನೇ ಮನೆ

ಆ ಚಳಿಗಾಲ ಫೆಸ್ಟಿನಿಯೋಗಿನ ನಮ್ಮ ಮನೆಗೆ
ಕಂತಿನ ಮೇಲೆ ಒಂದು ಕಂಪ್ಯೂಟರು ಬಂತು.
ರಬ್ಬರಿನ ಗುಂಡಿಗಳು, ಒತ್ತಿದರೆ ಸತ್ತ ಮೀನಿನ ಮೈ.
ಟಿವಿಯೇ ಅದರ ಪರದೆ. ಹಾಗಾಗಿ
ಅಪ್ಪನಿಗೆ ರಗ್ಬಿ ತಪ್ಪಿತು, ಕೋಟು ಹಾಕಿಕೊಂಡು ಪಬ್ಬಿಗೆ ಹೋದ.

ನನಗೆ ಹನ್ನೊಂದು.
ಪಿ ಒತ್ತಿದರೆ ಸಾಕು, ಪ್ರಿಂಟ್ ಎಂಬ ಇಡೀ ಮಾತು ಮೂಡುತ್ತಿತ್ತು.
ಆದರೆ ಬರೆದದ್ದೆಲ್ಲ ಹೋಗಿ ನಿಲ್ಲುತ್ತಿದ್ದದ್ದು ಎಡದಂಚಿಗೆ,
ತಡವಾಗಿ ಬಂದವನು ಕ್ಲಾಸಿನ ಗೋಡೆಗೆ ಒರಗುವ ಹಾಗೆ.
ಆಮೇಲೆ ಪುಸ್ತಕದ ಹದಿನೈದನೇ ಪಾಠದಲ್ಲಿ ಆ್ಯಟ್ ಸಿಕ್ಕಿತು:
ಮೊದಲು ಸಾಲು, ಆಮೇಲೆ ಮನೆ,
ಆಮೇಲೆ ಮರೆಯದೆ ಒಂದು ಅರ್ಧವಿರಾಮ.
ಅದರ ಬದಲು ಅಲ್ಪವಿರಾಮ ಹಾಕಿದರೆ
ಹೆಸರು ಮೂರು ಮನೆ ಆಚೆಗೆ ಜಿಗಿದು ಕೂರುತ್ತದೆ.
ಒಂದು ಚುಕ್ಕಿಯ ಕೊರತೆಗೆ ಅಷ್ಟು ದೂರ.

ಹಿಂದಿನ ಕುರ್ಚಿಯಲ್ಲಿ ತಾತ, ಹುಬ್ಬಿನ ತುಂಬ ಸ್ಲೇಟಿನ ಧೂಳು.
ಊರಿನ ಗೋರಿಗಲ್ಲುಗಳ ಮೇಲೆ ಅರ್ಧಕ್ಕರ್ಧ ಹೆಸರು
ಅವನ ಉಳಿಯವು.
'ಎಷ್ಟು ಸಾಲು?' ಅಂದ.
ಇಪ್ಪತ್ತೆರಡು. ಸೊನ್ನೆಯಿಂದ ಇಪ್ಪತ್ತೊಂದರ ತನಕ.
'ಸೊನ್ನೆ ಅಂದರೆ ಇಲ್ಲ ಅಂತಲ್ಲವೇನೋ?
ಇಲ್ಲದ ಸಾಲಿನಲ್ಲಿ ಯಾರನ್ನು ಕೂರಿಸುತ್ತೀ?'
ಅದರ ಕೆಳಗೆ ಇನ್ನೂ ಎರಡು ಸಾಲಿವೆ, ತಾತ,
ಅವು ನಮ್ಮವಲ್ಲ. ಅಲ್ಲಿ ಯಂತ್ರ ಮಾತಾಡುತ್ತದೆ.
ಅದಕ್ಕೆ ಮಾತ್ರ ಅವನು ತಲೆಯಾಡಿಸಿದ.

ಅಜ್ಜಿ ಹೋಗಿ ಆಗ ಏಳು ವಾರ.
'ಅವಳ ಹೆಸರು ಹಾಕು, ನಟ್ಟನಡುವೆ' ಅಂದ.
ಲ್ಲಿನೋಸ್.
ಮೂವತ್ತೆರಡರಲ್ಲಿ ಹೆಸರಿನ ಉದ್ದ ಕಳೆ, ಉಳಿದದ್ದರಲ್ಲಿ ಅರ್ಧ.
ಆರು ಅಕ್ಷರ, ಅಂದೆ.
'ಐದು' ಅಂದ ತಾತ.

ನಮ್ಮ ವೆಲ್ಷಿನಲ್ಲಿ ಎಲ್ ಎಲ್ ಎರಡಲ್ಲ, ಒಂದೇ;
ನಾಲಗೆಯ ಎರಡೂ ಬದಿಯಿಂದ ಗಾಳಿ ಜಾರುವ
ಒಂದೇ ಸದ್ದು.
ಪರದೆಗೆ ಇದನ್ನು ಹೇಗೆ ತಿಳಿಸಲಿ?
ಅದಕ್ಕೆ ಕಿವಿಯಿಲ್ಲ, ಮನೆಗಳಷ್ಟೇ ಇವೆ.
ಐದಾದರೆ ಹದಿಮೂರೂವರೆ, ಅರ್ಧ ಮನೆ ಅಲ್ಲಿಲ್ಲ.
ಆರಾದರೆ ಹದಿಮೂರು.
ಹತ್ತು, ಹದಿಮೂರು, ಅರ್ಧವಿರಾಮ.
ಅಜ್ಜಿ ಬಂದಳು, ಕಪ್ಪು ಅಕ್ಷರದಲ್ಲಿ,
ಎಡಕ್ಕೆ ಹದಿಮೂರು ಖಾಲಿ, ಬಲಕ್ಕೆ ಹದಿಮೂರು ಖಾಲಿ.

ತಾತ ಬಹಳ ಹೊತ್ತು ನೋಡಿದ.
'ಸಣಕಲು ಐಗೂ ದುಂಡನೆಯ ಓಗೂ ಒಂದೇ ಅಳತೆಯ ಕೋಣೆ.
ಇದೇನು ಜೈಲೇ?'
ಆಮೇಲೆ ಬ್ರೆಡ್ಡಿನ ಕಾಗದದ ಪಟ್ಟಿ ಹರಿದು
ಪೆನ್ಸಿಲಿನಲ್ಲಿ ಅವಳ ಹೆಸರು ಬರೆದು,
ತುದಿಗೆ ತುದಿ ಸೇರಿಸಿ ಮಡಿಚಿದ.
ಮಡಿಕೆ ಎನ್ ಅಕ್ಷರದ ಹೊಟ್ಟೆಯ ಮೇಲೆ ಬಿತ್ತು.
'ನಡು ಅಂದರೆ ಇದು.'
ಲೆಕ್ಕವನ್ನೇ ಮಾಡಲಿಲ್ಲ.

ಪರದೆಯಲ್ಲಿ ತಪ್ಪಿದರೆ ಅದೇ ಜಾಗಕ್ಕೆ ಇನ್ನೊಂದು ಹೆಸರು,
ಹಳೆಯದು ಅಳಿಯುತ್ತದೆ, ಗೋಳಿಲ್ಲ.
ಮಾರ್ಚಿಯಲ್ಲಿ ಕಲ್ಲು ನಿಲ್ಲಿಸಿದರು.
ಮೇಲ್ಭಾಗದಲ್ಲಿ ಅವಳು, ಒಂದು ಕೂದಲೆಳೆ ಬಲಕ್ಕೆ ಸರಿದು,
ಕೆಳಗೆ ನುಣ್ಣನೆಯ ಖಾಲಿ.
'ಅಲ್ಲಿ ಏನೂ ಬರೆಯಲಿಲ್ಲವಲ್ಲ' ಅಂದಳು ಚಿಕ್ಕಮ್ಮ.
ತಾತ ನನ್ನ ಕಡೆ ನೋಡಿದ:
'ಕೊನೆಯ ಸಾಲುಗಳು ನಮ್ಮವಲ್ಲ.'

ಆರು ವರ್ಷದ ನಂತರ, ಒಂದು ಮಂಗಳವಾರ,
ಅಟ್ಟದಿಂದ ಆ ಯಂತ್ರವನ್ನು ಇಳಿಸಿದೆ. ಗುಂಡಿಗಳು ಗಟ್ಟಿಯಾಗಿದ್ದವು.
ಕಲ್ಲು ಕೆತ್ತಲು ಕೊರಿಸಿನಿಂದ ಬರುವ ಹುಡುಗ
ಅಳತೆ ಕೇಳಿದ್ದ.
ಇದ್ವಾಲ್.
ಯಂತ್ರ ಎಣಿಸಿದರೂ ಐದು, ನಾವು ಎಣಿಸಿದರೂ ಐದು,
ಮೊದಲ ಸಲ ಜಗಳವಿಲ್ಲ.
ಮೂವತ್ತೆರಡರಲ್ಲಿ ಐದು ಹೋದರೆ ಇಪ್ಪತ್ತೇಳು,
ಅದರ ಅರ್ಧ ಹದಿಮೂರೂವರೆ.
ಹದಿಮೂರಕ್ಕೆ ಇಟ್ಟು ನೋಡಿದೆ. ಹದಿನಾಲ್ಕಕ್ಕೆ ಇಟ್ಟು ನೋಡಿದೆ.
ಎಲ್ಲಿಟ್ಟರೂ ಅಷ್ಟಷ್ಟು ವಾಲಿಕೊಂಡೇ ನಿಂತ,
ಬದುಕಿದ್ದಾಗ ಬಾಗಿಲ ಚೌಕಟ್ಟಿಗೆ ವಾಲುತ್ತಿದ್ದ ಹಾಗೆ.

ಅಡುಗೆಮನೆಗೆ ಹೋಗಿ ಬ್ರೆಡ್ಡಿನ ಕಾಗದ ಹುಡುಕಿದೆ.