ಎರಡು ಸಲ ಮಾತ್ರ

ಡುಲೂತಿನಲ್ಲಿ ನವೆಂಬರ್ ಎಂದರೆ
ಮಧ್ಯಾಹ್ನ ನಾಲ್ಕೂವರೆಗೇ ದೀಪ ಹಚ್ಚುವುದು.
ಸರೋವರ ಇನ್ನೂ ಹೆಪ್ಪುಗಟ್ಟಿಲ್ಲ; ಅದಿರಿನ ಹಡಗೊಂದು
ಸೇತುವೆ ಮೇಲೇಳಲಿ ಎಂದು ಕೊಂಬೂದಿ ಕಾಯುತ್ತಿದೆ.
ಆಸ್ಪತ್ರೆಯ ಕ್ಯಾಂಟೀನಿನ ಮೂಲೆಯಲ್ಲಿ ನಾನು
ಅಂಕಪಟ್ಟಿ ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ,
ಮಡಿಕೆ ಬಿದ್ದಲ್ಲೇ ಆರ್ಗ್ಯಾನಿಕ್ ಕೆಮಿಸ್ಟ್ರಿ ಹರಿಯುತ್ತ ಬಂದಿದೆ.

ಅಲ್ಲಿ ಸಿ ಮೈನಸ್. ಅದರ ಮೇಲೊಂದು ಎಫ್,
ಕ್ಯಾಲ್ಕುಲಸ್ಸಿನದು, ಮುರಿದ ಬೀಗದಕೈಯ ಹಾಗೆ.
ಕೆಳಗೆ, ಆರು ವರ್ಷ ಬಿಟ್ಟು, ಸಂಜೆ ಕಾಲೇಜಿನ ಸಾಲು:
ಎ, ಎ, ಬಿ ಪ್ಲಸ್, ಎ.
ಇಬ್ಬರು ಬೇರೆ ಬೇರೆ ಹುಡುಗಿಯರ ಅಂಕ,
ಹೆಸರು ಮಾತ್ರ ಒಂದೇ, ಲೆಂಪಿ ನಿಸ್ಕಲಾ.
ಕೂಡಿಸಿ ಭಾಗಿಸಿದರೆ ಮೂರು ಪಾಯಿಂಟ್ ಒಂದು ಎರಡು.
ಅಷ್ಟು ಓದಿದವಳು
ಇಬ್ಬರಲ್ಲಿ ಒಬ್ಬಳೂ ಅಲ್ಲ.

ಎಂಕ್ಯಾಟಿನಲ್ಲಿ ಐನೂರ ಹನ್ನೊಂದು.
"ಅದು ಚೆನ್ನಾಗಿದೆ" ಎಂದಿದ್ದ ಬೆಳಿಗ್ಗೆ
ಸಲಹೆಗಾರ ವೆಂಡೆಲ್ ಪ್ರುಯಿಟ್, ಕನ್ನಡಕ ಹಣೆಗೇರಿಸಿ.
"ಹಾಗಾದರೆ ಸೀಟು ಸಿಗುತ್ತದೆಯೇ?"
"ಇಂಥವರಿಗೆ ಸಿಕ್ಕಿದ್ದೂ ಇದೆ."
ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೇ ಅವನಿಗೆ ಸಂಬಳ.
ಕೋಷ್ಟಕವನ್ನು ನನ್ನತ್ತ ತಿರುಗಿಸಿದ:
ನನ್ನ ಚೌಕದಲ್ಲಿ ನೂರಕ್ಕೆ ಇಪ್ಪತ್ತೇಳು.
ಆ ಇಪ್ಪತ್ತೇಳು ಮಂದಿ ಈಗ ಯಾವ ವಾರ್ಡಿನಲ್ಲಿದ್ದಾರೆ,
ಅವರ ಎಫ್ ಯಾವುದರಲ್ಲಿತ್ತು,
ಕೋಷ್ಟಕಕ್ಕೆ ಗೊತ್ತಿಲ್ಲ.
ಹೋದ ವರ್ಷ ಹದಿನಾಲ್ಕು ಕಾಲೇಜಿಗೆ ಬರೆದಿದ್ದೆ.
ಹದಿನಾಲ್ಕು ಕಡೆಯಿಂದಲೂ ಸವಿನಯ ಇಲ್ಲ.

"ಕಾರಣ ಬರೆಯಬೇಕು. ಆ ಎರಡು ವರ್ಷ ಏನಾಗಿತ್ತು?
ಕಾಯಿಲೆ? ಮನೆಯಲ್ಲಿ ಸಾವು? ಏನಾದರೂ?"
ಆಸೆಯಿಂದ ಕೇಳಿದ, ಪಾಪ.
ಏನೂ ಆಗಿರಲಿಲ್ಲ.
ಅಪ್ಪ ಗಟ್ಟಿಮುಟ್ಟಾಗಿ ಅಂಗಳದ ಹಿಮ ಗೋರುತ್ತಿದ್ದ,
ಅಮ್ಮ ಶನಿವಾರ ಸೌನಾ ಕಾಯಲಿಟ್ಟು ಫೋನು ಮಾಡುತ್ತಿದ್ದಳು.
ನನಗೆ ಹದಿನೆಂಟು. ರಾತ್ರಿ ಮಂಜಿನ ಅಂಕಣದಲ್ಲಿ
ಜಾರುವ ಕಲ್ಲಿನ ಮುಂದೆ ಪೊರಕೆ ಹಿಡಿದು ಓಡುತ್ತಿದ್ದೆ,
ಬೆಳಿಗ್ಗೆ ಹನ್ನೊಂದರವರೆಗೆ ಮಲಗುತ್ತಿದ್ದೆ.
ಅಷ್ಟೇ.
ದುಃಖವಿಲ್ಲದ ತಪ್ಪಿಗೆ ಅರ್ಜಿಯಲ್ಲಿ ಜಾಗವಿಲ್ಲ.

ಅಜ್ಜಿ ಸತ್ತದ್ದು ನಿಜ. ಆದರೆ ಅದು ಮರುವರ್ಷ,
ಆಗಲೇ ನಾನು ಕಾಲೇಜು ಬಿಟ್ಟು ಈ ಲ್ಯಾಬಿಗೆ ಸೇರಿದ್ದೆ.
ಒಂದು ಗಳಿಗೆ ಆ ಸಾವನ್ನು
ಹನ್ನೆರಡು ತಿಂಗಳು ಹಿಂದಕ್ಕೆ ಎಳೆದು ನೋಡಿದೆ.
ಎಳೆದರೆ ಬರುತ್ತಿತ್ತು. ಹಗುರ ಮುದುಕಿ.
ನನಗಿಟ್ಟದ್ದೂ ಅವಳ ಹೆಸರೇ.
ಬಿಟ್ಟುಬಿಟ್ಟೆ.

ಪೇಜರ್ ಕೂಗಿತು. ನಾಲ್ಕನೇ ಮಹಡಿ, ಹಾಸಿಗೆ ಹನ್ನೆರಡು.
ಹಡಗಿನಲ್ಲಿ ಮೂವತ್ತು ವರ್ಷ ಅಡುಗೆಗಿದ್ದ ಅರ್ಲಾಂಡ್ ಬೊಶೇ,
ಮುಂಗೈ ತುಂಬ ಎಣ್ಣೆ ಸಿಡಿದ ಹಳೇ ಕಲೆ, ಬತ್ತಿದ ನರ.
ನಮ್ಮ ಲ್ಯಾಬಿನ ನಿಯಮ: ಒಬ್ಬರ ಕೈಗೆ ಎರಡು ಸಲ ಮಾತ್ರ.
ಎರಡೂ ತಪ್ಪಿದರೆ ಸೂಜಿ ಕೆಳಗಿಟ್ಟು ಬೇರೆಯವರನ್ನು ಕರೆ.
ಕಣ್ಣಿಗೆ ಕಂಡ ನರವನ್ನು ನಂಬಬಾರದು, ಅದು ಜಾರುತ್ತದೆ;
ಬೆರಳು ಒತ್ತಿದರೆ ತಿರುಗಿ ಒತ್ತುವುದು ಇನ್ನೊಂದಿರುತ್ತದೆ, ಆಳದಲ್ಲಿ.
ಗೊತ್ತಿದ್ದೂ ಕಂಡದ್ದಕ್ಕೇ ಚುಚ್ಚಿದೆ. ತಪ್ಪಿತು.
"ಕ್ಷಮಿಸಿ" ಎಂದೆ. ಕಾರಣ ಕೊಡಲಿಲ್ಲ.
ಅವನೂ ಕೇಳಲಿಲ್ಲ. ಬಡಿಸಿ ಬಡಿಸಿ ಅಭ್ಯಾಸವಾದವನ ಹಾಗೆ
ಇನ್ನೊಂದು ತೋಳು ಮುಂದೆ ಮಾಡಿದ.

ಕಣ್ಣು ಮುಚ್ಚಿ ಹುಡುಕಿದೆ.
ಬಂತು. ಕಪ್ಪಗೆ, ನಿಧಾನಕ್ಕೆ, ಮೂರು ಟ್ಯೂಬು.
ಇದರಿಂದ ಏನೂ ಸಾಬೀತಾಗುವುದಿಲ್ಲ, ನನಗೆ ಗೊತ್ತು.

ಕೆಳಗಿಳಿದು ಬಂದು ಕಾರಣದ ಪೆಟ್ಟಿಗೆಯಲ್ಲಿ ಬರೆದೆ:
ಆ ಎರಡು ವರ್ಷ ನಾನು ಓದಲಿಲ್ಲ.
ಇನ್ನೂ ಸಾವಿರದಿನ್ನೂರು ಅಕ್ಷರಕ್ಕೆ ಜಾಗವಿದೆ ಎನ್ನುತ್ತದೆ ಪರದೆ.
ಕಿಟಕಿಯಾಚೆ ಸೇತುವೆ ಇಳಿದಾಗಿದೆ.
ಹಡಗು ಒಳಗೆ ಬಂತೋ, ಹೊರಗೆ ಹೋಯಿತೋ,
ನೋಡಲಾಗಲಿಲ್ಲ.