ಅಗುಳಿನ ಲೆಕ್ಕ

ರಾತ್ರಿ ಹತ್ತರ ಮೇಲೆ ಸಿಗುತ್ತಿತ್ತು ನಮಗೆ
ದೇರಳಕಟ್ಟೆಯ ಸ್ಕ್ಯಾನಿಂಗ್ ಕೋಣೆ;
ಹಗಲೆಲ್ಲ ದುಡ್ಡು ಕೊಟ್ಟವರ ಬೆನ್ನು, ಮಂಡಿ, ಕುತ್ತಿಗೆ.
ಏಳು ಜನ. ಒಬ್ಬೊಬ್ಬರ ಮಿದುಳಿಗೆ ಐದು ಸಲ.
ಏಳೂ ಜನರ ಬಲಗೈ ಪಾರ್ಶ್ವವಾಯು ಬಡಿದದ್ದು.

ಮುಡಿಪಿನ ಅವ್ವಮ್ಮ ಕೊಳವೆಯೊಳಗೆ ಮಲಗಿ,
ಹೆಬ್ಬೆರಳಿಗೆ ಬೆರಳು ಮುಟ್ಟಿಸಿ ಅಂದರೆ
ಎಲೆಯಿಲ್ಲದ ಬೀಡಿ ಕಟ್ಟುತ್ತಿದ್ದಳು.
ಲಿಗೋರಿ ಕುಟಿನ್ಹನಿಗೆ ಮೂರನೇ ಸಲ ಕೆಮ್ಮು,
ಚಿತ್ರದ ತುಂಬ ಅದರದೇ ಪಟ್ಟೆ.
ಬೆಂಗ್ರೆಯ ವಾಮನ ಪುತ್ರನ್ ಐದನೆಯದಕ್ಕೆ ಬರಲೇ ಇಲ್ಲ.

ಗೈಡ್ ಅಂದರು: ಮೂವತ್ತಮೂರು ಬಿಂದು ಉಂಟಲ್ಲ,
ಎಲ್ಲ ಒಟ್ಟಿಗೆ ಹಾಕು, ಪಿ ಮೌಲ್ಯ ಕೆಳಗೆ ಬರ್ತದೆ.
ಬಂತು.
ಆ ಸಂಜೆ ನಾನು ಎರಡು ಪ್ಲೇಟು ಗೋಳಿಬಜೆ ತಿಂದೆ.

ಮರುದಿನ ಹಾಸ್ಟೆಲಿನಲ್ಲಿ ಕುಚ್ಚಲಕ್ಕಿ ಕುದಿಯುತ್ತಿತ್ತು.
ಸಂಜೀವಿಯಕ್ಕ ಸೌಟಿನಿಂದ ಒಂದೇ ಅಗುಳು ಎತ್ತಿ
ಹಿಚುಕಿ, ಆಯ್ತು ಅಂದಳು.
ಪಕ್ಕದ ಒಲೆಯ ಪಾತ್ರೆಗೆ ಬೇರೆ ಅಗುಳು ಎತ್ತಿದಳು;
ಅದಿನ್ನೂ ಗಟ್ಟಿ.
ಒಂದೇ ಪಾತ್ರೆಯಿಂದ ಐದು ಅಗುಳು ಎತ್ತಿ
ಐದು ಪಾತ್ರೆ ಬೆಂದಿತೆಂದು
ಎಲೆ ಹಾಕಿ ಕೂರಿಸಿದವಳು ನಾನು.

ತಿರುಗಿ ಕೂತೆ. ಪ್ರತಿ ತಲೆಗೂ ಅದರದೇ ಆರಂಭ ಕೊಟ್ಟೆ,
ಅದರದೇ ಏರು, ಅದರದೇ ಇಳಿಜಾರು.
ಪರದೆಯ ಮೇಲೆ ಏಳು ಗೆರೆ, ಏಳು ಕಡೆಗೆ.
ನಡುವೆ ದಪ್ಪಗೆ ಸರಾಸರಿ, ಮೆಲ್ಲಗೆ ಮೇಲೇರುತ್ತದೆ;
ಅದರ ಮೇಲೆ ನಡೆದವರು ಯಾರೂ ಇಲ್ಲ.
ವಿಶ್ವಾಸದ ಅಂತರ: ಮೈನಸ್ ಮೂರರಿಂದ ಹದಿನೆಂಟು.
ಸೊನ್ನೆ ಒಳಗೇ ಕೂತಿದೆ, ಬಾಡಿಗೆ ಕೊಡದೆ.

ಗೈಡ್ ಕನ್ನಡಕ ತೆಗೆದರು.
ಇದರಲ್ಲಿ ಎಂತ ಹೇಳುವುದು?
ಗೊತ್ತಿಲ್ಲ ಅಂತ ಹೇಳುವುದು ಸರ್,
ಎಷ್ಟು ಗೊತ್ತಿಲ್ಲ ಅಂತ ಅಳೆದು ಹೇಳುವುದು.
ಫ್ಯಾನು ತಿರುಗಿತು, ಬಹಳ ಹೊತ್ತು.

ಅವ್ವಮ್ಮನ ಗೆರೆ ಮಾತ್ರ
ನಾಲ್ಕನೇ ಸಲ ಥಟ್ಟನೆ ಚಿಮ್ಮಿತ್ತು. ಫೋನು ಮಾಡಿದೆ.
ಆ ವಾರ ಮಗಳ ಹೆರಿಗೆಯ ಖರ್ಚಲ್ಲವಾ,
ಬ್ರಾಂಚಿಗೆ ಬೀಡಿ ಕೊಡಬೇಕಿತ್ತು,
ದಿನಕ್ಕೆ ಇನ್ನೂರು ಕಟ್ಟಿದೆ, ಸೊಟ್ಟ ಸೊಟ್ಟ,
ಅರ್ಧ ವಾಪಸ್ ಮಾಡಿದರು.

ಆ ಅರ್ಧಕ್ಕೆ ನನ್ನ ಕೋಷ್ಟಕದಲ್ಲಿ ಜಾಗ ಎಲ್ಲಿ?
ವಾಪಸ್ ಬಂದ ಒಂದೊಂದು ಸೊಟ್ಟ ಬೀಡಿಯೂ
ಒಂದೊಂದು ಸೆಶನ್.

ಇನ್ನೊಂದು ಸಲ ಕರೆಯುತ್ತೀರಾ, ಕೇಳಿದಳು,
ಎಷ್ಟು ಗಲಾಟೆ ಮಾಡಲಿ ಆ ಮಿಶಿನು,
ಒಳಗೆ ಒಳ್ಳೆ ನಿದ್ದೆ ಬರ್ತದೆ ನನಗೆ.

ಮುಚ್ಚಿದ್ದ ಪುಸ್ತಕ ಮತ್ತೆ ತೆರೆದೆ.
ನಿದ್ದೆಯಾ?
ಯಾವ ಸಲ, ಅವ್ವಮ್ಮ? ಎಷ್ಟನೇ ಸಲ?