ಹೆಬ್ಬೆಟ್ಟು

ದುರ್ಗಿಗುಡಿಯ ಝೆರಾಕ್ಸ್ ಅಂಗಡಿಯ ಮಹಡಿ ಮೇಲೆ
ಒಂದು ಟ್ಯೂಬ್‌ಲೈಟು, ಒಂದು ಭೂತಗನ್ನಡಿ,
ಹತ್ತಿಯ ಬಿಳಿ ಕೈಗವಸು.
ಹಳೇ ಕಾಮಿಕ್ಸಿಗೆ ಅಂಕ ಕೊಡುವುದು ನನ್ನ ಕೆಲಸ.
ಹೇಳಿದರೆ ನಗುತ್ತಾರೆ. ಸಂತೆಯಲ್ಲಿ
ಎತ್ತಿನ ಬಾಯಿ ತೆಗೆಸಿ ಹಲ್ಲು ಎಣಿಸುವವನಿಗೆ
ಯಾರೂ ನಗುವುದಿಲ್ಲ.

ಹತ್ತಕ್ಕೆ ಹತ್ತು ಯಾವುದಕ್ಕೂ ಇಲ್ಲ.
ಬೆನ್ನು ಮುರಿದಿದ್ದರೆ ಒಂದೂವರೆ ಕಳೆ,
ಪಿನ್ನಿಗೆ ತುಕ್ಕು ಹಿಡಿದಿದ್ದರೆ ಅರ್ಧ,
ಮಗು ಬಾಲ್‌ಪೆನ್ನಲ್ಲಿ ಹೆಸರು ಬರೆದಿದ್ದರೆ ಒಂದು:
‘ಪಿ. ವಾರಿಜ, ಐದನೇ ಬಿ.’
ವಾರಿಜಾ, ನಿನ್ನ ಹೆಸರಿನಿಂದ ಯಾರಿಗೋ ನಾಲ್ಕು ಸಾವಿರ ಲುಕ್ಸಾನು.
ಆಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿ, ನಾಲ್ಕೂ ಅಂಚಿಗೆ ಬೆಸುಗೆ,
ನೆತ್ತಿಯ ಮೇಲೆ ನನ್ನ ಅಂಕ.
ಇನ್ನು ಅದನ್ನು ಯಾರೂ ಓದಲಾರರು.

ಮಾರ್ಚಿನಲ್ಲಿ ‘ಹೊಗೆಮನುಷ್ಯ’ ಬಂತು, ಸಂಚಿಕೆ ಹದಿನೇಳು.
ಎಂಟೂವರೆ ಕೊಟ್ಟೆ.
ನವೆಂಬರಿನಲ್ಲಿ ಭದ್ರಾವತಿಯಿಂದ, ಬೇರೆ ಹೆಸರಲ್ಲಿ,
ಇನ್ನೊಂದು ಹದಿನೇಳು.
ಆರು ಕೊಟ್ಟೆ.
ಡಬ್ಬಿಗೆ ಹಾಕುವಾಗ ಹತ್ತೊಂಬತ್ತನೇ ಪುಟದ ಮೂಲೆಯಲ್ಲಿ
ಅಲ್ಪವಿರಾಮದಷ್ಟು ಚಹಾದ ಕಲೆ.
ಎಲ್ಲೋ ನೋಡಿದ ಮುಖ.
ಹಳೇ ರಿಜಿಸ್ಟರು ತೆಗೆದೆ: ಅದೇ ಪುಟ, ಅದೇ ಕಲೆ,
ನನ್ನದೇ ಕೈಬರಹ.

ಏನು ಬದಲಾಗಿತ್ತು? ಕಾಗದ ಅಷ್ಟೇ ಹಳದಿ.
ನವೆಂಬರಿನಲ್ಲಿ ನನಗೆ ದವಡೆಹಲ್ಲು ನೋವು.
ಮಾರ್ಚಿನಲ್ಲಿ ತಂದವನು ಗುತ್ಯಪ್ಪನ ಭಾವಮೈದ.
ಗುತ್ಯಪ್ಪ ಎಂದರೆ ಈ ಮಹಡಿಗೆ ಬಾಡಿಗೆ ಕಟ್ಟುವವನು,
ನನಗೆ ಸಂಬಳ ಕೊಡುವವನು,
ನಾನು ಮೆಚ್ಚಿದ್ದನ್ನು ಹುಬ್ಬಳ್ಳಿಯ ಹರಾಜಿಗೆ ಕಳಿಸುವವನು.
ಅವತ್ತು ಅವನು ಏನೂ ಹೇಳಿರಲಿಲ್ಲ.
ಗೋಪಿ ಸರ್ಕಲ್ಲಿನಿಂದ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಂದಿದ್ದ,
ಅಷ್ಟೇ.
ಎರಡೂವರೆ ಅಂಕದಲ್ಲಿ ಹಲ್ಲಿಗೆಷ್ಟು, ದೋಸೆಗೆಷ್ಟು?
ಬಿಡಿಸಿ ಬರೆಯಲು ಫಾರಮ್ಮಿನಲ್ಲಿ ಜಾಗವಿಲ್ಲ.

‘ಕಣ್ಣು ಅಂದ್ಮೇಲೆ ಹೆಚ್ಚುಕಮ್ಮಿ ಇದ್ದಿದ್ದೇ ಮಾರಾಯ,
ಈ ಊರಲ್ಲಿ ತಕ್ಕಡಿಗೂ ಥಂಡಿ ಹಿಡೀತದೆ’ ಎಂದ ಗುತ್ಯಪ್ಪ.
ನಿಜ.
ಆದರೆ ತಕ್ಕಡಿ ಸರ್ಟಿಫಿಕೇಟಿಗೆ ಸಹಿ ಹಾಕುವುದಿಲ್ಲ.

ಭದ್ರಾವತಿಗೆ ಫೋನು ಮಾಡಿದೆ. ಎವರಿಸ್ಟ್, ವೆಲ್ಡರ್,
ಅರವತ್ತೆರಡು ಸಾವಿರಕ್ಕೆ ಹರಾಜಿನಲ್ಲಿ ಕೊಂಡವನು.
‘ಡಬ್ಬಿ ಒಡೆದದ್ದು ನಾನೇ ಸರ್. ಬೆಸುಗೆ ಬಿಚ್ಚೋದು ನಂಗೇನು ಹೊಸದಲ್ಲ.
ಸಣ್ಣವನಿದ್ದಾಗ ಸಿಕ್ಕಿದ್ದ ಪ್ರತಿಗೆ ಕೊನೇ ಹಾಳೆ ಇರಲಿಲ್ಲ.
ನಲವತ್ತು ವರ್ಷ ಆಯ್ತಲ್ಲ, ಏನಾಯ್ತು ಅಂತ ನೋಡಬೇಕಿತ್ತು.
ಓದಿ ವಾಪಸ್ ಸೀಲ್ ಮಾಡಿಸೋಣ ಅಂತ ಕಳಿಸಿದೆ.
ಎಷ್ಟು ಬಂತು?’
ನಾನು ಕೆಮ್ಮಿದೆ.
‘ಕೊನೆಯಲ್ಲಿ ಮಜಾ ಇದೆ, ಅಲ್ವಾ ಸರ್?’

ಎರಡು ಸಲ ಮೂವತ್ತೆರಡು ಪುಟ ಎಣಿಸಿದ್ದೆ.
ಮಜಾ ನನಗೆ ಗೊತ್ತಿರಲಿಲ್ಲ.

ರಾತ್ರಿ ಕೈಗವಸು ಕಳಚಿ ಓದಲು ಕೂತೆ,
ಹದಿಮೂರು ವರ್ಷದಲ್ಲಿ ಮೊದಲ ಸಲ,
ಪಕ್ಕದಲ್ಲಿ ಕೋಡುಬಳೆ.
ಹೊಗೆಮನುಷ್ಯ ಕಳ್ಳರ ಗುಹೆಯೊಳಗೆ ತೇಲಿ ಹೋಗುತ್ತಾನೆ,
ಯಾರಿಗೂ ಕಾಣುವುದಿಲ್ಲ, ಎಲ್ಲ ಸರಿ,
ಕೊನೇ ಪುಟದಲ್ಲಿ ತನ್ನ ಹೊಗೆಗೆ ತನಗೇ ಕೆಮ್ಮು ಬಂದು
ಸಿಕ್ಕಿಬೀಳುತ್ತಾನೆ.
ನಗು ತಡೆಯಲಾಗಲಿಲ್ಲ.
ಇದಕ್ಕೆ ಅರವತ್ತೆರಡು ಸಾವಿರ!

ನಕ್ಕು ಮುಗಿಸಿ ನೋಡಿದರೆ ಬಲ ಅಂಚಿನಲ್ಲಿ
ಎಣ್ಣೆಯ ಹೆಬ್ಬೆಟ್ಟು. ನನ್ನದು.
ಓದುಬರಹ ಬಾರದ ನನ್ನಜ್ಜಿ ರೇಷನ್ ಅಂಗಡಿಯಲ್ಲಿ
ಒತ್ತಿ ಬರುತ್ತಿದ್ದಳಲ್ಲ, ಹಾಗೇ,
ಸ್ವಲ್ಪ ಎಡಕ್ಕೆ ವಾಲಿದ್ದು.

ಹೊಸ ಫಾರಂ ತೆಗೆದೆ. ‘ದೋಷಗಳು’ ಎಂದಿರುವಲ್ಲಿ ಬರೆದೆ:
ಚಹಾದ ಕಲೆ, ಪುಟ ಹತ್ತೊಂಬತ್ತು.
ಎಣ್ಣೆಯ ಹೆಬ್ಬೆಟ್ಟು, ಪುಟ ಮೂವತ್ತೆರಡು,
ಅಂಕ ಕೊಡುವವನದು.
ಮೊದಲು ಎಂಟೂವರೆ ಕೊಟ್ಟಿತ್ತು, ಆಮೇಲೆ ಆರು,
ಎರಡೂ ನಾನೇ.

ಅಂಕದ ಚೌಕ ಬೆಳಗಿನ ತನಕ ಖಾಲಿ ಉಳಿಯಿತು.
ಕೆಳಗೆ ಝೆರಾಕ್ಸಿನವನು ಶಟರ್ ಎತ್ತಿದ.
ಮೆಟ್ಟಿಲ ಮೇಲೆ ಗುತ್ಯಪ್ಪನ ಚಪ್ಪಲಿ,
ಅದಕ್ಕೂ ಮೊದಲು
ದೋಸೆಯ ವಾಸನೆ.